ಕಣ್ಣು ಮುಚ್ಚಿ ಐದು ಎಲೆ

ಆಸ್ಪತ್ರೆಯಲ್ಲಿ ಕೊಟ್ಟಿದ್ದ ಹಾಳೆಯನ್ನು ರಮ್ಯಾ ಓದಿ ಹೇಳಿದ್ದು ಎಲ್ಲರೂ ಊಟಕ್ಕೆ ಕೂತಿದ್ದಾಗ. ತಪ್ಪಾದದ್ದು ಅಲ್ಲೇ. ಮುದ್ದೆ ಮುರಿದು ಬಸ್ಸಾರಿಗೆ ಅದ್ದುವ ಹೊತ್ತಿಗೆ ವಾಂತಿ, ಭೇದಿ, ಬಾಯಿಹುಣ್ಣು ಎಂದು ಒಂದೊಂದಾಗಿ ಬರತೊಡಗಿದರೆ ಯಾರ ಗಂಟಲಲ್ಲಿ ತುತ್ತು ಇಳಿದೀತು?

ಕನಕರಾಜು ತಟ್ಟೆ ದೂಡಿದ. "ಉಂಡಾದ್ಮೇಲೆ ಓದಿದ್ರೆ ಆಗ್ತಿರ್ನಿಲ್ವೇನಮ್ಮಿ?"

"ಏನೈತೆ ಓದು, ಏನೈತೆ ಓದು ಅಂತ ಬೆಳಗ್ಗಿಂದ ಪ್ರಾಣ ತಿಂದೋನು ನೀನೇ ಅಲ್ವಪ್ಪ?"

ಹಾಳೆ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದು ಓದಲು ಬರುತ್ತಿದ್ದುದು ಪಿರಿಯಾಪಟ್ಟಣದ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಕಾಂ. ಓದುತ್ತಿದ್ದ ರಮ್ಯಾಳಿಗೆ ಮಾತ್ರ. ಅವಳ ಅಮ್ಮ ಸುಧಾಳ ಎದೆಯ ಗಂಟು ತೆಗೆದು ಮೂರು ವಾರವಾಗಿತ್ತು. ಗಾಯ ಒಣಗಿತ್ತು. ಮೈಸೂರಿನ ಡಾಕ್ಟರಮ್ಮ ಇನ್ನು ಕೀಮೋ ಎಂದಿದ್ದರು. ವಾರಕ್ಕೊಂದರಂತೆ ಹನ್ನೆರಡು ವಾರ. ಮೊದಲನೆಯದು ಮುಂದಿನ ತಿಂಗಳ ಮೊದಲ ಗುರುವಾರ. ಇದನ್ನು ಮುಂದಕ್ಕೆ ತಳ್ಳುತ್ತ ಹೋಗಬೇಡಿ, ಎಂದು ಎರಡು ಸಲ ಹೇಳಿ ಕಳಿಸಿದ್ದರು.

"ಕೂದಲು ಉದುರುತ್ತೆ" ಎಂದು ರಮ್ಯಾ ಮುಂದಿನ ಸಾಲು ಓದಿದಳು.

ಒಲೆಯ ಪಕ್ಕ ಕೂತಿದ್ದ ಅಜ್ಜಿ ಚಿಕ್ಕಬೀರಮ್ಮ ಬಾಯಿಗೆ ಒಯ್ದಿದ್ದ ತುತ್ತನ್ನು ಹಾಗೇ ಹಿಡಿದಳು. "ಪೂರ್ತಿನಾ?"

"ಪೂರ್ತಿ ಅಜ್ಜಿ. ಆಮೇಲೆ ಬರುತ್ತೆ."

"ಸಿವ್ನೆ. ಮೊಣಕಾಲ್ಗಂಟ ಜಡೆ ಕಣವ್ವ ನಿಮ್ಮಮ್ಮುಂದು. ಮದ್ವೆ ದಿನ ಜಡೆ ನೋಡೇ ನಿಮ್ಮ ತಾತ ಬೀಗ್ತಿದ್ರು."

"ಜಡೆ ನೋಡಿ ತಂದ್ರಾ ನನ್ನ? ನಾನು ಕೆಲ್ಸ ನೋಡಿ ತಂದ್ರು ಅಂದ್ಕೊಂಡಿದ್ದೆ" ಎಂದಳು ಸುಧಾ. ಅವಳೊಬ್ಬಳೇ ಊಟ ನಿಲ್ಲಿಸಿರಲಿಲ್ಲ. "ಮುಂದಕ್ಕೋದು. ವಾಂತಿ ಏನು ನಂಗೆ ಹೊಸ್ದಲ್ಲ. ಹದ್ನಾಕು ವರ್ಸದೋಳಾಗಿದ್ದಾಗ ಮಂಜು ಕೂತ ಹೊಗೆಸೊಪ್ಪು ಮುರಿಯಕ್ಕೋಗಿ ಮೂರು ದಿನ ಕಕ್ಕೊಂಡು ಮಲ್ಗಿದ್ದೆ. ಮೈಗೆ ಸೊಪ್ಪಿನ ರಸ ಇಳಿದ್ರೆ ಕಕ್ಕಕ್ಕೆ ಯಾವ ಕೀಮೋನೂ ಬ್ಯಾಡ. ಇನ್ನೇನೈತೆ?"

ರಮ್ಯಾಳ ಬೆರಳು ಹಾಳೆಯ ಕೊನೆಯಿಂದ ಎರಡನೇ ಸಾಲಿನ ಮೇಲೆ ನಿಂತಿತು. ಕೈಕಾಲು ಬೆರಳ ತುದಿ ಜೋಮು ಹಿಡಿಯುವುದು, ಮುಟ್ಟಿದ್ದು ತಿಳಿಯದಾಗುವುದು, ಎಂದಿತ್ತು ಅಲ್ಲಿ. ಅಮ್ಮ ಮುದ್ದೆಯನ್ನು ಉರುಳಿಸುತ್ತಿದ್ದ ಬೆರಳುಗಳನ್ನು ಅವಳು ನೋಡಿದಳು.

"ಅಷ್ಟೇ ಅಮ್ಮ. ಸುಸ್ತಾಗುತ್ತೆ ಅಂತೈತೆ. ಅಷ್ಟೇ."

ಹಾಳೆಯನ್ನು ನಾಲ್ಕು ಮಡಿಕೆ ಮಡಿಸಿ ಕಾಲೇಜಿನ ಬ್ಯಾಗಿಗೆ ಹಾಕಿಕೊಂಡಳು.

*

ಎರಡು ದಿನ ಕಳೆದು ಚಿಕ್ಕಬೀರಮ್ಮ ಮೊರದಲ್ಲಿ ಹುರುಳಿ ಕೇರುತ್ತಾ ಸುದ್ದಿ ಹೇಳಿದಳು. ದೊಡ್ಡ ಸುದ್ದಿಯನ್ನು ಅವಳು ಯಾವಾಗಲೂ ಮೊರ ಹಿಡಿದೇ ಹೇಳುವುದು, ಎದುರಿನವರ ಮುಖ ನೋಡಬೇಕಾಗಿಲ್ಲವಲ್ಲ.

"ನಂಜನಗೂಡಿಗೆ ಅರಕೆ ಕಟ್ಕಂಡಿವ್ನಿ. ಬುಧವಾರ ಓಗಿ ಮುಡಿ ಕೊಟ್ಬುಡನ. ಗುರುವಾರ ಆಸ್ಪತ್ರೆ."

"ಯಾರ ಮುಡಿ?" ಎಂದಳು ಸುಧಾ.

"ಇನ್ಯಾರ್ದು? ನಿಂದು. ಎಂಗಿದ್ರೂ ಉದುರೋ ಕೂದ್ಲು. ಔಸ್ದಿಗೆ ಓಗೋದು ದೇವ್ರಿಗೇ ಓಗ್ಲಿ. ನಾವಾಗೇ ಕೊಟ್ಟಂಗಾಯ್ತದೆ."

ಸುಧಾ ಕಸಬರಿಗೆ ಕೆಳಗಿಟ್ಟಳು. "ನನ್ನ ಕೇಳಿದ್ರಾ ಅತ್ತೆ?"

"ದೇವ್ರ ಕಾರ್ಯಕ್ಕೆ ಕೇಳೋದೇನು?"

"ನನ್ ತಲೆ ಅಲ್ವ ಅದು? ಗಂಟು ತೆಗಿಯವಾಗ ಡಾಕ್ಟ್ರೇ ನನ್ ಕೈಲಿ ಸೈನು ಆಕ್ಸಿದ್ರು. ನೀವು ಸೈನೂ ಇಲ್ದೆ ತಲೆ ಬೋಳ್ಸಕ್ಕೆ ಒಂಟಿದ್ದೀರ."

ಕನಕರಾಜು ಹಟ್ಟಿಯಿಂದ ಬಂದವನು ಬಾಗಿಲಲ್ಲೇ ನಿಂತ. "ಅವ್ವ ಯೋಳೋದ್ರಲ್ಲಿ ತಪ್ಪೇನೈತೆ? ಒಂದೊಂದೇ ಕೂದ್ಲು ದಿಂಬಿನ್ ಮೇಲೆ ಬಿದ್ದಿರೋದು ನೋಡ್ಕಂಡು ಅಳೋದ್ಕಿಂತ..."

"ನಾನ್ಯಾವಾಗ ಅಳ್ತಾ ಕೂತಿದ್ದೆ? ಕೂದ್ಲಿಗೆ ಅಂತ ನಾನು ಒಂದು ಅನಿ ಕಣ್ಣೀರು ಆಕಿದ್ದು ನೋಡಿದ್ದೀರಾ? ಕೂದ್ಲು ಕೂದ್ಲು ಅಂತ ಇಡೀ ಊರೇ ಬಡ್ಕತದೆ. ಅಷ್ಟು ಅರಕೆ ಆಸೆ ಇದ್ರೆ ನಿಮ್ದು ಕೊಟ್ಬನ್ನಿ ಅತ್ತೆ."

"ನನ್ನ ತಲೇಲಿರೋದು ಅಂಗೈಯಗಲ ಕಣವ್ವ. ದೇವ್ರು ಮುನಿಸ್ಕತನೆ" ಎಂದಳು ಚಿಕ್ಕಬೀರಮ್ಮ. ಸಿಟ್ಟಿನಲ್ಲಿ ಮೊರ ಕೊಂಚ ಜೋರಾಗಿ ಆಡಿ ಅರ್ಧ ಸೇರು ಹುರುಳಿ ಅಂಗಳಕ್ಕೆ ಹಾರಿತು. ಕೋಳಿಗಳಿಗೆ ಅವತ್ತು ಹಬ್ಬ.

*

ಹೊಗೆಸೊಪ್ಪು ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ಬೆಂದು ಇಳಿಯುತ್ತಿದ್ದ ಕಾಲ. ಆ ಸೀಮೆಯಲ್ಲಿ ಸೆಪ್ಟೆಂಬರ್ ಎಂದರೆ ಪ್ರತಿ ಮನೆಯ ಪಡಸಾಲೆಯಲ್ಲೂ ಬೆಂದ ಎಲೆಯ ಗುಡ್ಡೆ, ಪ್ರತಿ ಬಟ್ಟೆಯಲ್ಲೂ ಅದರ ಸಿಹಿ ಬೆರೆತ ಘಾಟು ವಾಸನೆ. ಗುಡ್ಡೆಯನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿ ಬೇಲ್ ಕಟ್ಟಿ ಹರಾಜಿಗೆ ಒಯ್ಯಬೇಕು. ಒಂದು ಬೇಲಿನಲ್ಲಿ ಎರಡು ದರ್ಜೆಯ ಎಲೆ ಸೇರಿದ್ದರೆ ವ್ಯಾಪಾರಿ ಕೈ ಹಾಕಿ ಹಿರಿದು ನೋಡಿ, ತಲೆ ಅಲ್ಲಾಡಿಸಿ ಮುಂದಕ್ಕೆ ನಡೆಯುತ್ತಾನೆ.

ಬಣ್ಣ ನೋಡಿ ವಿಂಗಡಿಸುವುದು ಎಲ್ಲರಿಗೂ ಬರುತ್ತದೆ. ಆದರೆ ಶೆಡ್ಡಿನ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಸುಧಾ ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದಳು. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಎಲೆಯನ್ನು ಒಮ್ಮೆ ಉಜ್ಜಿದರೆ ಸಾಕು. ಗಿಡದ ತಳದ ಎಲೆ ಹಾಳೆಯ ಹಾಗೆ ಹಗುರ. ನಡುವಿನದು ಎಣ್ಣೆ ಸವರಿದ ರೇಷ್ಮೆ. ತುದಿಯದು ದಪ್ಪ, ಚರ್ಮದಂತೆ ಎದುರು ನಿಲ್ಲುತ್ತದೆ. ಹಸುರು ಉಳಿದ ಎಲೆ ಜಾರುತ್ತದೆ. ಬೇಯುವಾಗ ಹದ ತಪ್ಪಿದ್ದನ್ನು ಅವಳು ಸತ್ತ ಎಲೆ ಎನ್ನುತ್ತಿದ್ದಳು. ಕಣ್ಣಿಗೆ ಅದು ನಡುವಿನ ಎಲೆಯಂತೆಯೇ ಕಂಡರೂ ಬೆರಳಿಗೆ ಜೀವವಿಲ್ಲ. ಇಪ್ಪತ್ತೆಂಟು ವರ್ಷದಿಂದ ಅವಳ ಬೆರಳು ಇದನ್ನು ತಪ್ಪಿದ್ದಿಲ್ಲ. ಹರಾಜಿನಲ್ಲಿ "ಇದು ಆ ಹೆಂಗಸು ಕಟ್ಟಿದ್ದಾ?" ಎಂದು ಕೇಳಿ, ಹೌದೆಂದರೆ ಬೇಲನ್ನು ಬಿಚ್ಚದೆಯೇ ಬೆಲೆ ಕೂಗುವವರಿದ್ದರು.

ಆಪರೇಷನ್ನಾದ ಕಡೆಯ ಕೈ ಮೇಲೆತ್ತಬಾರದು ಎಂದಿದ್ದರು. ಸುಧಾ ಅದನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಲ್ಲೇ ಎಲೆ ಹಾಕುತ್ತಾ ಕೂತಳು. ಪಕ್ಕದಲ್ಲಿ ರಮ್ಯಾ.

"ಇದೆಂಗೆ ನಡುವಿನ್ದಾಯ್ತಮ್ಮಿ? ಮುಟ್ಟು. ಮುಟ್ಟಿ ನೋಡು. ಕಣ್ಣು ಬುಡು ಅತ್ಲಾಗಿ."

"ನಂಗೆ ಎಲ್ಲಾ ಒಂದೇ ಥರ ಅನ್ಸುತ್ತೆ ಅಮ್ಮ."

"ಇಪ್ಪತ್ ವರ್ಸ ಈ ಮನೇಲಿ ತಿಂದು ಎಲ್ಲಾ ಒಂದೇ ತರ ಅನ್ಸುತ್ತಂತೆ! ಕಾಲೇಜ್ನೋರು ಏನು ಕೈಗೆ ಗ್ಲೌಸಾಕಿ ಕಳಿಸವ್ರಾ?"

ರಮ್ಯಾಳಿಗೆ ಅಳು ಬಂತು. ಯಾಕೆಂದು ಹೇಳಲಿಲ್ಲ. ಎಲೆಯ ಘಾಟು ಎಂದು ಸುಧಾ ತಿಳಿದಳು.

ಅಷ್ಟರಲ್ಲಿ ಪಕ್ಕದ ಹೊಲದ ಚಲುವಯ್ಯ ಬಂದು ಬಾಗಿಲಿಗೆ ಒರಗಿದ. ಹೋದ ವರ್ಷ ಕೂಲಿಯವರು ಆಯ್ದ ಅವನ ಎರಡು ಬೇಲ್ ವಾಪಸಾಗಿದ್ದವು. ಆಮೇಲಿಂದ ಅವನ ಸೊಪ್ಪೂ ಸುಧಾಳ ಕೈಯಲ್ಲೇ.

"ಎಂಗಿದ್ದೀಯ ಸುಧಕ್ಕ? ಅಲ್ಲ, ಈ ಔಸ್ದಿ ಶುರುವಾದ್ರೆ ಮೂರು ತಿಂಗ್ಳು ಅಂತವ್ರೆ. ನನ್ ಸೊಪ್ಪು ಯಾರು ಆಯ್ಬೇಕು?"

"ಔಸ್ದಿ ವಾರಕ್ಕೊಂದು ದಿನ ಚಲುವಣ್ಣ. ಉಳಿದಾರು ದಿನ ಕೈ ಏನು ಮೈಸೂರಲ್ಲಿ ಬುಟ್ಬತ್ತೀನಾ? ತಂದಾಕು."

ರಮ್ಯಾ ಎದ್ದು ನೀರು ಕುಡಿಯಲು ಹೋದಳು. ತುಂಬ ಹೊತ್ತು ಬರಲಿಲ್ಲ.

*

ಹೆಂಡತಿಗೆ ಧೈರ್ಯ ಬರಲಿ ಎಂದು ಕೊಪ್ಪಕ್ಕೆ ಕರೆದೊಯ್ದವನು ಕನಕರಾಜುವೇ. ಕೊಪ್ಪದ ಸರ್ಕಲ್ಲಿನಲ್ಲಿ ಹೂವು ಮಾರುವ ರಾಧಾ ಇದೇ ಕಾಯಿಲೆ, ಇದೇ ಔಷಧಿ ಮುಗಿಸಿ ಒಂದು ವರ್ಷವಾಗಿತ್ತು. ಬೈಕು ನಿಲ್ಲಿಸಿ, "ನೋಡು, ಎಂಗವಳೆ ನೋಡು" ಎಂದು ತೋರಿಸಿ, ಟೀ ಕುಡಿಯಲು ಹೋದ.

ರಾಧಾ ಚೆನ್ನಾಗಿಯೇ ಇದ್ದಳು. ತಲೆತುಂಬ ಗುಂಗುರು ಕೂದಲು ಬಂದಿತ್ತು. "ಮೊದ್ಲು ನೆಟ್ಟಗಿತ್ತು ಕಣಕ್ಕ, ಈಗ ನೋಡಿ, ಬ್ಯೂಟಿಪಾರ್ಲರಿಗೆ ಹೋದೋರಂಗೆ" ಎಂದು ನಕ್ಕಳು. ವಾಂತಿ ಎರಡು ದಿನ, ಆಮೇಲೆ ಮೊಸರನ್ನ ಇಳಿಯುತ್ತದೆ. ಬಾಯಿ ಹುಣ್ಣಾದರೆ ಉಪ್ಪುನೀರು. ಜ್ವರ ಬಂದರೆ ಮಾತ್ರ ಮನೆಮದ್ದು ಮಾಡಿಕೊಂಡು ಕೂರಬೇಡಿ, ಓಡಿ. ಎಲ್ಲ ಹೇಳಿದಳು. ಹೇಳುತ್ತಲೇ ಕನಕಾಂಬರ ಕಟ್ಟುತ್ತಿದ್ದಳು.

ಸುಧಾ ಅವಳ ಬಾಯಿ ನೋಡುವುದು ಬಿಟ್ಟು ಕೈ ನೋಡತೊಡಗಿದಳು. ಹೂವು ಕಟ್ಟುವವರು ದಾರಿ ನೋಡುತ್ತಾ, ಗಿರಾಕಿ ಜತೆ ಮಾತಾಡುತ್ತಾ ಕಟ್ಟುತ್ತಾರೆ, ಬೆರಳು ತಾನಾಗೇ ಓಡುತ್ತದೆ. ರಾಧಾ ಒಂದೊಂದು ಗಂಟಿಗೂ ತಲೆ ಬಗ್ಗಿಸುತ್ತಿದ್ದಳು. ಮಾತು ನಿಲ್ಲಿಸಿ, ದಾರ ನೋಡಿ, ಗಂಟು ಹಾಕಿ, ಮತ್ತೆ ಮಾತು.

"ಯಾಕೆ ರಾಧಾ, ನೋಡ್ಕಂಡು ಕಟ್ತೀಯ?"

"ಅಯ್ಯೋ, ಅದಾ. ಬೆರಳಿಗೆ ಗೊತ್ತಾಗಲ್ಲ ಅಕ್ಕ ದಾರ. ಆರನೇದೋ ಏಳನೇದೋ ಆದ್ಮೇಲೆ ಶುರುವಾಯ್ತು. ರಬ್ಬರ್ ಗ್ಲೌಸ್ ಹಾಕ್ಕೊಂಡಂಗೆ. ಈಗ ಎಷ್ಟೋ ವಾಸಿ. ಆಗಂತೂ ಜಾಕೀಟಿನ ಹುಕ್ಕು ನಮ್ಮತ್ತೆ ಹಾಕೋರು." ರಾಧಾ ತಲೆಯೆತ್ತಿದಳು. "ನಿಮ್ಗೆ ಹೇಳಿಲ್ವಾ? ಕೊಟ್ಟ ಹಾಳೇಲೇ ಇರುತ್ತಲ್ಲ."

ಟೀ ಕುಡಿದು ಬಂದ ಕನಕರಾಜು, "ಏನು, ಧೈರ್ಯ ಬಂತಾ?" ಎಂದ.

ಸುಧಾ ಬೈಕು ಹತ್ತಿದಳು.

*

"ತಗಿಯಮ್ಮಿ ಆ ಹಾಳೆ."

ರಮ್ಯಾ ಬ್ಯಾಗು ತೆರೆಯಲಿಲ್ಲ. ಅಮ್ಮನ ಮುಖ ನೋಡಿದ ಮೇಲೆ ಏನು ಎಂದು ಕೇಳಬೇಕಾಗಿರಲಿಲ್ಲ.

"ಅಮ್ಮ, ಎಲ್ಲಾರ್ಗೂ ಆಗಲ್ಲ ಅದು. ಕೆಲವ್ರಿಗೆ ಅಂತ ಬರ್ದೈತೆ."

"ಏನು ಬರ್ದೈತೆ ಅಂತ ನಾನು ಕೇಳ್ದಾಗ ಅಷ್ಟೇ ಅಮ್ಮ ಅಂದಲ್ಲ, ಯಾಕೆ?"

"ಹೇಳಿದ್ರೆ ನೀನು ಬ್ಯಾಡ ಅಂತಿದ್ದೆ!"

"ಈಗ್ಲೂ ಬ್ಯಾಡ ಅಂತೀನಿ. ಈಗೇನ್ಮಾಡ್ತೀಯ?"

ಕನಕರಾಜುವಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಮೇಲೆ ಅವನು ಕೂಗಾಡಿದ. "ಬೆರಳಂತೆ ಬೆರಳು! ಜೀವ ಇದ್ರೆ ತಾನೇ ಬೆರಳು? ಸೊಪ್ಪು ಆಯ್ದೆ ಇದ್ರೆ ಈ ಮನೆ ಮುಳುಗೋಯ್ತದಾ? ಕೂಲಿಯೋರ್ನ ಕರೀತೀನಿ."

"ಕರ್ಕೊಳಿ. ಓದ್ವರ್ಸ ಚಲುವಣ್ಣ ಕರ್ದಿದ್ನಲ್ಲ, ಅವ್ರನ್ನೇ ಕರೀರಿ."

"ಸೊಪ್ಪು ಅತ್ಲಾಗ್ ಸುಟ್ಟೋಗ್ಲಿ ಕಣೆ!"

"ಸೊಪ್ಪಿಂದಲ್ಲ ನಾನು ಯೋಳ್ತಿರೋದು!" ಸುಧಾಳ ದನಿ ಮೊದಲ ಸಲ ಏರಿತು. "ಎದೆ ಕುಯ್ದು ಗಂಟು ತೆಗೀಬೇಕು ಅಂದ್ರು. ತಗೀರಿ ಅಂದೆ. ಕೂದ್ಲು ಓಯ್ತದೆ ಅಂದ್ರು. ಓಗ್ಲಿ ಅಂದೆ. ನನ್ನತ್ರ ನಂದು ಅಂತ ಇರೋದು ಇದೊಂದು. ಇದ್ರ ಬಗ್ಗೆ ಮಾತ್ರ ಮನೆಮಂದಿಯೆಲ್ಲ ಬಾಯ್ಮುಚ್ಕಂಡ್ರಿ. ಗುರುವಾರ ನಾನು ಓಗಲ್ಲ."

"ನಂಗೆ ಗೊತ್ತಿರ್ನಿಲ್ಲ" ಎಂದ ಕನಕರಾಜು.

"ನಿಮ್ಗೆ ಯಾವಾಗ ತಾನೆ ಏನು ಗೊತ್ತಿತ್ತು?"

ಆ ವಾರ ಮನೆಯಲ್ಲಿ ಅಡಿಗೆ ಆಗುತ್ತಿತ್ತು, ಊಟ ಆಗುತ್ತಿರಲಿಲ್ಲ. ಸುಧಾ ಎಲ್ಲರ ತಟ್ಟೆಗೂ ಮುದ್ದೆ ಇಟ್ಟು ಶೆಡ್ಡಿಗೆ ಹೋಗಿ ಕೂರುತ್ತಿದ್ದಳು. ಕನಕರಾಜು ಉಂಡ ತಟ್ಟೆಯನ್ನು ತಾನೇ ತೊಳೆಯತೊಡಗಿದ. ಅದನ್ನು ಯಾರೂ ಗಮನಿಸದಿದ್ದುದಕ್ಕೆ ಅವನಿಗೆ ಇನ್ನಷ್ಟು ಬೇಜಾರು. ರಮ್ಯಾ ಕಾಲೇಜಿಗೆ ಹೋಗುವಾಗ "ಹೋಗ್ಬತ್ತೀನಿ" ಎಂದರೆ ಶೆಡ್ಡಿನೊಳಗೆ ಸುಧಾ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಬುಧವಾರ ಬೆಳಗ್ಗೆ ಚಿಕ್ಕಬೀರಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿದ್ದಳು. ಸಂಜೆ ಹಿಂದಿರುಗಿದಾಗ ತಲೆಯ ಮೇಲೆ ಸೆರಗಿತ್ತು. ಸೆರಗು ಜಾರಿದಾಗ ನುಣ್ಣನೆ ತಲೆ, ಅದರ ಮೇಲೆ ಒಣಗಿದ ಗಂಧ.

ಸುಧಾ ನೋಡುತ್ತಾ ನಿಂತಳು. "ಏನ್ ಅತ್ತೆ ಇದು?"

"ನೀನೇ ಅಂದಲ್ಲವ್ವ, ನಿಮ್ದು ಕೊಟ್ಬನ್ನಿ ಅಂತ. ಅರಕೆ ಕಟ್ಟಿದ್ಮೇಲೆ ಇಟ್ಕಳಕ್ಕಾಯ್ತದಾ? ಯಾರ ಕೂದ್ಲು ಅಂತ ದೇವ್ರೇನು ಕೇಳ್ನಿಲ್ಲ." ಪ್ರಸಾದದ ಪೊಟ್ಟಣ ಮುಂದೆ ಹಿಡಿದಳು. "ನಾಳಿಕ್ಕೆ ಓಗು ಮಗ. ಕೊಡೋದು ನಾನು ಕೊಟ್ಟಾಯ್ತು."

"ಕೂದ್ಲ್ ಇಸ್ಯ ಅಲ್ಲ ಕಣತ್ತೆ!" ಸುಧಾಳಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ಎಷ್ಟ್ ಸಲ ಯೋಳ್ಬೇಕು? ಇನ್ ಎಲ್ರೂ ಇಬ್ರನ್ನೂ ತಿರುಗ್ ತಿರುಗಿ ನೋಡ್ತಾರೆ, ಅಷ್ಟೇ ಆಗಿದ್ದು."

"ನೋಡ್ಲಿ ಬುಡು. ನಂಗೆ ತಣ್ಣಗೈತೆ" ಎಂದು ಚಿಕ್ಕಬೀರಮ್ಮ ನೀರೊಲೆಗೆ ಸೌದೆ ತುರುಕಲು ಹೋದಳು.

ಮರುದಿನ ಗುರುವಾರ. ಏಳು ಗಂಟೆಯ ಬಸ್ಸು ಬಂದು, ಹಾರ್ನ್ ಹಾಕಿ, ಹೋಯಿತು. ಸುಧಾ ಶೆಡ್ಡಿನಲ್ಲಿ ಎಲೆ ಹಾಕುತ್ತಿದ್ದಳು. ಅಂದು ಅವಳ ಕೈ ಎಂದಿನ ವೇಗದಲ್ಲಿ ಓಡಲಿಲ್ಲ. ಹಾಕಿದ ಎಲೆಯನ್ನೇ ಮತ್ತೆ ತೆಗೆದು ಉಜ್ಜಿ ನೋಡುತ್ತಿದ್ದಳು.

*

ಮಧ್ಯಾಹ್ನ ರಮ್ಯಾ ಕಾಲೇಜಿಗೆ ಹೋಗದೆ ಶೆಡ್ಡಿಗೆ ಬಂದು ಎದುರು ಕೂತಳು. ಕೈಯಲ್ಲಿ ಆ ಹಾಳೆ ಮತ್ತು ಫೋನು.

"ಅಮ್ಮ, ಬಯ್ಯೋದಾದ್ರೆ ಆಮೇಲೆ ಬೈಯಿ. ಪೂರ್ತಿ ಓದ್ತೀನಿ. ಒಂದಕ್ಷರ ಬಿಡಲ್ಲ."

ಓದಿದಳು. ಸುಧಾ ಕೈ ನಿಲ್ಲಿಸದೆ ಕೇಳಿದಳು. ಬೆರಳಿನ ಸಾಲು ಬಂದಾಗ, "ಇನ್ನೊಂದ್ಸಲ ಓದು" ಎಂದಳು. ಓದಿದಳು. ಅದರ ಕೆಳಗೆ ಇನ್ನೂ ಒಂದು ಸಾಲಿತ್ತು. ಹೀಗಾದರೆ ಕೂಡಲೇ ತಿಳಿಸಿ.

"ತಿಳ್ಸಿದ್ರೆ ಏನ್ಮಾಡ್ತಾರಂತೆ?"

"ಅದು ಬರ್ದಿಲ್ಲ."

"ಬರೀಬೇಕಾದ್ದೇ ಬರೆಯಲ್ವಲ್ಲ ಇವ್ರು. ಫೋನ್ ಮಾಡು. ಇವತ್ತು ಯಾಕ್ ಬರ್ನಿಲ್ಲ ಅಂತ ಕೇಳಿದ್ರೆ ಜ್ವರ ಗಿರ ಅನ್ಬ್ಯಾಡ. ಪೇಷೆಂಟಿಗೆ ಒಂದು ಪ್ರಶ್ನೆ ಐತಂತೆ, ಉತ್ರ ಸಿಗ್ದೆ ಬರಲ್ವಂತೆ ಅನ್ನು."

ಮರುದಿನವೇ ಬನ್ನಿ ಎಂದರು.

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದ ಮೇಲೆ ಡಾಕ್ಟರಮ್ಮನ ಕೋಣೆ. ಸುಧಾ ಬಾಯಿ ತೆರೆಯುವ ಮೊದಲೇ ಕನಕರಾಜು ಎದ್ದು ನಿಂತ. ದಾರಿಯುದ್ದಕ್ಕೂ, ಹುಣಸೂರು ದಾಟುವವರೆಗೆ, ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದ.

"ಮೇಡಂ, ತಪ್ಪು ತಿಳ್ಕೋಬ್ಯಾಡಿ. ನಾವು ಎಳೇ ಸಸಿಗೆ ಔಸ್ದಿ ಒಡಿಯೋವಾಗ ಮೊದ್ಲು ಅರ್ಧ ಡೋಸ್ ಒಡ್ದು ನೋಡ್ತೀವಿ. ಎಲೆ ಸುಡ್ನಿಲ್ಲ ಅಂದ್ರೆ ಆಮೇಲೆ ಪೂರ್ತಿ. ಅಂಗೆ ಇವ್ಳಿಗೂ ಮೊದ್ಲು ಅರ್ಧ..."

ಸುಧಾ ಕಣ್ಣು ಮುಚ್ಚಿಕೊಂಡಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅರ್ಧ ಡೋಸ್ ಹೊಡೆದ್ರೆ ಹುಳ ಏನಾಗುತ್ತೆ?"

"ಅದು... ಪೂರ್ತಿ ಸಾಯಲ್ಲ."

"ಉಳ್ಕೊಂಡಿದ್ದು?"

ಕನಕರಾಜು ಕತ್ತು ಕೆರೆದುಕೊಂಡ. "ಅದಕ್ಕೆ ಆಮೇಲೆ ಪೂರ್ತಿ ಒಡ್ದ್ರೂ ನಾಟಲ್ಲ."

"ನಿಮಗೇ ಗೊತ್ತಲ್ಲ. ಕೂತ್ಕೊಳ್ಳಿ. ಎತ್ತರ ತೂಕ ನೋಡಿ ಲೆಕ್ಕ ಹಾಕಿರೋ ಡೋಸ್ ಅದು. ಪ್ರಶ್ನೆ ಇರೋದು ಇವರಿಗೆ ಅಂತ ಫೋನ್ ತಗೊಂಡೋರು ಬರೆದಿದ್ದಾರೆ, ಇವರು ಕೇಳಲಿ."

ಸುಧಾ ಎರಡೂ ಕೈಯನ್ನು ಮೇಜಿನ ಮೇಲಿಟ್ಟಳು. ಬೆರಳ ತುದಿಗಳು ಹೊಗೆಸೊಪ್ಪಿನ ಅಂಟಿಗೆ ಕಪ್ಪಗಾಗಿದ್ದವು. ತಾನೇನು ಕೆಲಸ ಮಾಡುತ್ತೇನೆ, ಬೆರಳಿಗೆ ಏನು ಗೊತ್ತಾಗಬೇಕು, ಎಲ್ಲ ಹೇಳಿದಳು. ಕೊಪ್ಪದ ರಾಧಾಳ ದಾರದ ವಿಷಯವನ್ನೂ ಹೇಳಿದಳು. "ನಂಗೂ ಅಂಗೇ ಆಯ್ತದಾ?"

"ಆಗಬಹುದು. ಆಗಲ್ಲ ಅಂತ ನಾನು ಹೇಳಲ್ಲ. ಬಹಳ ಜನಕ್ಕೆ ಔಷಧಿ ಮುಗಿದ ಮೇಲೆ ತಿಂಗಳುಗಟ್ಟಲೆ ಹಿಡಿದು ಕಡಿಮೆಯಾಗುತ್ತೆ. ಕೆಲವರಿಗೆ ಒಂಚೂರು ಉಳೀಬಹುದು."

"ನಾನು ಯಾವ ಕಡೆ?"

"ಅದು ಮೊದಲೇ ಗೊತ್ತಾಗಲ್ಲ."

"ಅಂಗಾದ್ರೆ ನಾನು ಬಸ್ಸತ್ತಿ ಬಂದು ಕೇಳಿದ್ದಕ್ಕೆ ಏನ್ ಬಂದಂಗಾಯ್ತು ಮೇಡಂ?" ಸುಧಾ ಕೈಗಳನ್ನು ಮೇಜಿನಿಂದ ಎಳೆದುಕೊಂಡಳು. ಸಿಟ್ಟಿಗೆ.

"ಕೇಳಿದ್ದು ಒಳ್ಳೇದಾಯ್ತು. ಶುರುವಾದ ಕೂಡಲೇ ನನಗೆ ಹೇಳಿದ್ರೆ ಡೋಸ್ ಇಳಿಸಬಹುದು, ಒಂದು ವಾರ ಬಿಡಬಹುದು, ಬೇರೆ ಔಷಧಿ ಯೋಚಿಸಬಹುದು. ಆದರೆ ಹೇಳೋರೇ ಇಲ್ಲ. ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತಾರೆ ಅಂತ ಮುಚ್ಚಿಟ್ಕೋತಾರೆ. ಹುಕ್ಕು ಹಾಕೋಕ್ಕಾಗಲ್ಲ ಅಂದಾಗ ಬರ್ತಾರೆ. ಆಗ ತಡ ಆಗಿರುತ್ತೆ."

"ಅಂದ್ರೆ ಆಮೇಲೆ ಕಡ್ಮೆ ಮಾಡ್ತೀರ, ಈಗ ಮಾಡಲ್ಲ?" ಎಂದ ಕನಕರಾಜು.

"ನೀವು ಸುಮ್ಕಿರ್ರೀ" ಎಂದಳು ಸುಧಾ. ಮತ್ತೆ ಡಾಕ್ಟರಮ್ಮನ ಕಡೆ ತಿರುಗಿ, ನಿಧಾನವಾಗಿ, "ಹುಕ್ಕಿಗಿಂತ ಮುಂಚೇನೆ ನಂಗೆ ಗೊತ್ತಾಯ್ತದೆ ಮೇಡಂ" ಎಂದಳು.

"ಹೇಗೆ?"

"ಗೊತ್ತಾಯ್ತದೆ."

ಸೋಮವಾರಕ್ಕೆ ದಿನ ಬರೆದುಕೊಟ್ಟರು.

*

ಭಾನುವಾರ ಸುಧಾ ಗುಡ್ಡೆಯಿಂದ ಐದು ಎಲೆ ಆರಿಸಿದಳು. ತಳದ್ದು, ನಡುವಿನದು, ತುದಿಯದು, ಹಸುರುಳಿದದ್ದು, ಸತ್ತದ್ದು. ರಮ್ಯಾಳಿಗೆ ಗುರುತು ಸಿಗಲೆಂದು ಒಂದೊಂದರ ತೊಟ್ಟಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ಒಡೆದು ಪುಡಿಯಾಗದ ಹಾಗೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿಟ್ಟಳು. ಹನ್ನೆರಡು ವಾರಕ್ಕೂ ವಾರಕ್ಕೊಮ್ಮೆ ಹೊಸ ಎಲೆ ತೆಗೆಯುವುದು, ಮೈಸೂರಿಗೆ ಹೊರಡುವ ದಿನ ಬೆಳಗ್ಗೆ ಕಣ್ಣು ಮುಚ್ಚಿ ಮುಟ್ಟಿ ಹೇಳುವುದು. ರಮ್ಯಾ ಒಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅದನ್ನು ಡಾಕ್ಟರಮ್ಮನಿಗೆ ತೋರಿಸಬೇಕು.

"ಹುಕ್ಕು ಹಾಕಿ ನೋಡಿದ್ರೆ ಸಾಲ್ದೇನಮ್ಮ?"

"ಹುಕ್ಕು ನಿಂಗೂ ಹಾಕಕ್ಕೆ ಬತ್ತದೆ. ಸತ್ತೆಲೆ ನಿಂಗೆ ಗೊತ್ತಾಯ್ತದಾ?"

ಕನಕರಾಜು ತಾನೂ ನೋಡುತ್ತೇನೆಂದು ಕಣ್ಣು ಮುಚ್ಚಿ ಕೈ ಚಾಚಿದ. ಐದರಲ್ಲಿ ಒಂದೂ ಸರಿ ಹೇಳಲಿಲ್ಲ. ಚಿಕ್ಕಬೀರಮ್ಮ ಎರಡು ಹೇಳಿ, "ನಾನೂ ಆಯ್ದೋಳೇ ಕಣ್ಲಾ, ನಿಮ್ಮಪ್ಪನ ಕಾಲ್ದಲ್ಲಿ" ಎಂದು ಬೋಳುತಲೆ ಸವರಿಕೊಂಡಳು.

ಸೋಮವಾರ ಬೆಳಗ್ಗೆ ಆರೂವರೆಗೆ ಎಲ್ಲ ಸಿದ್ಧ. ಮೊಸರನ್ನದ ಡಬ್ಬಿ, ನೀರು, ಒಂದು ಹೊದಿಕೆ, ಕಾರ್ಡುಗಳ ಕವರು. ಸುಧಾ ಜಗಲಿ ಮೇಲೆ ಕೂತು ಕಣ್ಣು ಮುಚ್ಚಿದಳು. ರಮ್ಯಾ ಬಟ್ಟೆ ಬಿಚ್ಚಿ ಮೊದಲ ಎಲೆ ಅವಳ ಬೆರಳ ನಡುವೆ ಇಟ್ಟಳು.

"ತಳದ್ದು."

"ಹ್ಞೂಂ."

"ತುದಿ."

"ಹ್ಞೂಂ."

"ಹಸುರು. ಇದೇನ್ ಕೇಳೋದು, ಜಾರ್ತಾ ಐತೆ."

ನಾಲ್ಕನೆಯದನ್ನು ಸುಧಾ ಉಜ್ಜಿದಳು. ಇನ್ನೊಮ್ಮೆ ಉಜ್ಜಿದಳು. ಅವಳ ಕೈ ತಣ್ಣಗಿತ್ತು. ರಾತ್ರಿಯ ನಿದ್ದೆ ಮುಖದ ಮೇಲಿರಲಿಲ್ಲ. "ನಡುವಿನ್ದು" ಎಂದಳು.

ರಮ್ಯಾ ಒಂದು ಕ್ಷಣ ತಡೆದಳು. "ಹ್ಞೂಂ. ಸರಿ."

ಸುಧಾ ಕಣ್ಣು ತೆರೆದು ಎಲೆಯನ್ನು ಬೆಳಕಿಗೆ ಹಿಡಿದಳು. ಬಟ್ಟೆಯಲ್ಲಿ ಉಳಿದಿದ್ದ ಐದನೆಯದನ್ನೂ ಎತ್ತಿ ಪಕ್ಕಕ್ಕೆ ಹಿಡಿದಳು. ದಾರದ ಬಣ್ಣವೇ ಹೇಳಿತು, ಕೈಯಲ್ಲಿದ್ದದ್ದು ಸತ್ತ ಎಲೆ.

"ಮತ್ತೆ ಶುರು ಮಾಡ್ದಾ?"

ರಮ್ಯಾ ತಲೆ ತಗ್ಗಿಸಿದಳು. "ಹೊರಡೋ ಹೊತ್ತಲ್ಲಿ ಯಾಕಮ್ಮ... ನೀನು ಮತ್ತೆ ಬ್ಯಾಡ ಅಂದ್ಬಿಟ್ರೆ..."

"ಅಂತೀನೋ ಬುಡ್ತೀನೋ ಅದು ನನ್ ಇಷ್ಟ. ನೀನು ಇದ್ದಿದ್ದು ಯೋಳು." ಸುಧಾ ಎರಡೂ ಎಲೆಯನ್ನು ಬಟ್ಟೆಗೆ ಹಾಕಿದಳು. ಇಪ್ಪತ್ತೆಂಟು ವರ್ಷದಲ್ಲಿ ತಪ್ಪದ ಬೆರಳು ಇವತ್ತೇ ತಪ್ಪಬೇಕಿತ್ತೇ ಎಂದು ಅವಳ ಕಿವಿಯವರೆಗೆ ಬಿಸಿಯೇರಿತ್ತು. ಬಾಗಿಲಲ್ಲಿ ನಿಂತ ಗಂಡ, ಅತ್ತೆ ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದರು.

"ಎಲ್ಲಿ ಪುಸ್ತಕ? ಬರಿ. ಮೂರು ಸರಿ, ಎರಡು ತಪ್ಪು."

"ತಪ್ಪಿದ್ದು ಒಂದೇ ಅಲ್ವಮ್ಮ? ಐದನೇದು ನೀನು ಮುಟ್ಟೇ ಇರ್ನಿಲ್ವಲ್ಲ."

"ಅದನ್ನೇ ನಡುವಿನ್ದು ಅಂದ್ಮೇಲೆ ಇದನ್ನ ಇನ್ನೇನ್ ಅನ್ತಿದ್ದೆ? ಎರಡು ಅಂತ ಬರಿ. ಔಸ್ದಿಗೆ ಮುಂಚೆ ಅಂತ ಮೇಲುಗಡೆ ದಪ್ಪಕ್ಕೆ ಬರಿ. ಇಲ್ದಿದ್ರೆ ಮುಂದಿನ್ ವಾರ ತಪ್ಪಿದ್ರೆ ಅದ್ನೂ ಔಸ್ದಿ ಮೇಲಾಕ್ತೀವಿ."

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕನಕರಾಜು ಡಬ್ಬಿ ಎತ್ತಿಕೊಂಡು ಓಡಿದ. "ಬನ್ರೇ, ನಿಲ್ಸಲ್ಲ ಅವ್ನು!"

ಸುಧಾ ಏಳಲಿಲ್ಲ. ರಮ್ಯಾ ಬರೆದು ಮುಗಿಸುವವರೆಗೆ ಪಕ್ಕದಲ್ಲೇ ಕೂತಿದ್ದು, ಪುಸ್ತಕವನ್ನು ಕೈಯಿಂದ ಕಿತ್ತುಕೊಂಡು, ಏಳನೇ ಕ್ಲಾಸಿನ ಓದಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ತಾನೇ ಓದಿದಳು. ಔಷಧಿಗೆ ಮುಂಚೆ. ಮೂರು ಸರಿ. ಎರಡು ತಪ್ಪು.

"ಹ್ಞೂಂ, ನಡಿ" ಎಂದು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿನ ಕಡೆ ನಡೆದಳು.